ಜಹಾಂಗೀರನ ಪ್ರಕೃತಿದರ್ಶನ: ಚಿತ್ರ, ಶಾಸ್ತ್ರ ಮತ್ತು ಸಂರಕ್ಷಣೆ

೧

ಪ್ರಕೃತಿಯು ಕಲಾವಿದನಿಗೂ ವಿಜ್ಞಾನಿಗೂ ವನ್ಯಜೀವಿಗಳ ರಕ್ಷಕನಿಗೂ ಸಮಾನವಾಗಿ ಸ್ಫೂರ್ತಿಯನ್ನು ನೀಡುತ್ತದೆಂಬ ಮಾತು ಇಂದು ಪಠ್ಯಪುಸ್ತಕಗಳಲ್ಲಿಯೂ ಸಭಾಭಾಷಣಗಳಲ್ಲಿಯೂ ಸಿದ್ಧಸೂತ್ರದಂತೆ ಬಳಕೆಯಾಗುತ್ತಿದೆ. ಈ ಮಾತಿನ ಹಿಂದೆ ಒಂದು ಕ್ರಮದ ಕಲ್ಪನೆಯಿರುವುದನ್ನು ಗಮನಿಸಬೇಕು. ಮನುಷ್ಯನು ಮೊದಲು ಪ್ರಕೃತಿಯನ್ನು ಕಂಡು ಬೆರಗಾಗುತ್ತಾನೆ. ಬೆರಗಾದವನು ಅದನ್ನು ಚಿತ್ರಿಸುತ್ತಾನೆ. ಚಿತ್ರಿಸುವವನು ಕ್ರಮೇಣ ಅದರ ಗುಣಧರ್ಮಗಳನ್ನು ತಿಳಿಯುತ್ತಾನೆ. ತಿಳಿದವನು ಅದನ್ನು ಕಾಪಾಡುತ್ತಾನೆ. ಹೀಗೆ ಕಲೆ, ಶಾಸ್ತ್ರ, ಸಂರಕ್ಷಣೆ ಎಂಬ ಮೂರು ಮೆಟ್ಟಿಲುಗಳುಳ್ಳ ಒಂದು ಏಣಿಯನ್ನು ನಾವು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೇವೆ.

ಭಾರತದ ಇತಿಹಾಸದಿಂದ ಈ ಏಣಿಗೆ ಉದಾಹರಣೆಯನ್ನು ಕೊಡಬೇಕಾದಾಗಲೆಲ್ಲ ವಿದ್ವಾಂಸರು ಮೊಗಲ್ ಚಕ್ರವರ್ತಿ ಜಹಾಂಗೀರನ (ಆಳ್ವಿಕೆ ೧೬೦೫–೧೬೨೭) ಕಡೆಗೆ ತಿರುಗುವುದು ವಾಡಿಕೆ. ಆತನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರನಂಥ ಚಿತ್ರಕಾರನಿದ್ದನು. ಆತನ ಆತ್ಮಕಥೆಯಲ್ಲಿ ಪ್ರಾಣಿಪಕ್ಷಿಗಳನ್ನು ಕುರಿತ ಅಪೂರ್ವವಾದ ಟಿಪ್ಪಣಿಗಳಿವೆ. ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರು ೧೯೨೭–೨೮ರಲ್ಲಿಯೇ ಮೊಗಲ್ ಚಕ್ರವರ್ತಿಗಳನ್ನು ಪ್ರಕೃತಿವೀಕ್ಷಕರೆಂದೂ ಬೇಟೆಗಾರರೆಂದೂ ಪರಿಚಯಿಸುವ ಲೇಖನಮಾಲೆಯನ್ನು ಬರೆದರು. ೧೯೬೮ರಲ್ಲಿ ಅಲ್ವಿ ಮತ್ತು ರೆಹಮಾನ್ ಎಂಬ ವಿದ್ವಾಂಸರು ಜಹಾಂಗೀರನನ್ನು ಪ್ರಕೃತಿವಿಜ್ಞಾನಿಯೆಂದೇ ಕರೆದು ಒಂದು ಗ್ರಂಥವನ್ನು ಪ್ರಕಟಿಸಿದರು. ಅಂದಿನಿಂದ ಈ ಬಿರುದು ಆತನ ಹೆಸರಿಗೆ ಅಂಟಿಕೊಂಡಿದೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ಜನಪ್ರಿಯ ಲೇಖನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆತನನ್ನು ಸಂರಕ್ಷಣೆಯ ಮೂಲಪುರುಷರ ಸಾಲಿಗೂ ಸೇರಿಸತೊಡಗಿವೆ.

ಈ ಬಿರುದುಗಳು ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಜಹಾಂಗೀರನು ಏನನ್ನು ಕಂಡನು, ಕಂಡದ್ದು ಯಾರಿಗೆ ತಲುಪಿತು, ಅದರಿಂದ ಏನು ಉಳಿಯಿತು ಎಂಬ ಮೂರು ಪ್ರಶ್ನೆಗಳನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಇವುಗಳಿಗೆ ದೊರೆಯುವ ಉತ್ತರವು ಒಬ್ಬ ದೊರೆಯ ಕೀರ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ಮಕ್ಕಳಿಗೆ ಪಕ್ಷಿಗಳ ಚಿತ್ರಗಳನ್ನು ತೋರಿಸಿ ಪ್ರಕೃತಿಪ್ರೇಮವನ್ನು ಬೆಳೆಸಿದರೆ ಕೆರೆಕಾಡುಗಳು ತಾವಾಗಿಯೇ ಉಳಿಯುತ್ತವೆಂಬ ಇಂದಿನ ನಂಬಿಕೆಯೂ ಇದೇ ಏಣಿಯ ಮೇಲೆ ನಿಂತಿರುವುದರಿಂದ, ಅದರ ಗಟ್ಟಿತನವನ್ನು ಅಳೆದು ನೋಡುವುದು ಅವಶ್ಯಕವಾಗಿದೆ.

೨

ಮೊದಲಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಜಹಾಂಗೀರನ ಕಣ್ಣು ಅಸಾಧಾರಣವಾದುದು. ಆತನ ಮುತ್ತಾತ ಬಾಬರನೂ ಹಿಂದೂಸ್ಥಾನದ ಪ್ರಾಣಿಗಳನ್ನೂ ಗಿಡಮರಗಳನ್ನೂ ಬಹಳ ಸೂಕ್ಷ್ಮವಾಗಿ ವರ್ಣಿಸಿದ್ದನು. ಆದರೆ ಬಾಬರನು ಮಾತಿನಲ್ಲಿ ವರ್ಣಿಸಿದನೇ ಹೊರತು ಚಿತ್ರಕಾರರಿಂದ ಅವುಗಳ ರೂಪವನ್ನು ಬರೆಯಿಸಲಿಲ್ಲವೆಂದೂ, ತಾನು ಎರಡನ್ನೂ ಮಾಡಿಸುತ್ತಿರುವುದಾಗಿಯೂ ಜಹಾಂಗೀರನು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಈ ಮಾತು ಬಂದ ಸಂದರ್ಭವು ಗಮನಾರ್ಹವಾಗಿದೆ. ೧೬೧೨ರಲ್ಲಿ ಮುಕರ್ರಬ್ ಖಾನನು ಚಕ್ರವರ್ತಿಗಾಗಿ ಗೋವೆಯ ಪೋರ್ಚುಗೀಸರಿಂದ ಅಪರೂಪದ ವಸ್ತುಗಳನ್ನೂ ಪ್ರಾಣಿಗಳನ್ನೂ ಕೊಂಡು ತಂದನು. ಅವುಗಳಲ್ಲಿ ಅಮೆರಿಕಾ ಖಂಡದ ಮೂಲದ ಟರ್ಕಿ ಕೋಳಿಯೊಂದಿದ್ದಿತು. ಅದರ ತಲೆ ಮತ್ತು ಕೊರಳಿನ ಬಣ್ಣವು ಕ್ಷಣಕ್ಷಣಕ್ಕೂ ಬದಲಾಗುವುದನ್ನು ಜಹಾಂಗೀರನು ಮನಸ್ಸಿಟ್ಟು ನೋಡಿ ಬರೆದಿಟ್ಟನು. ಮನ್ಸೂರನು ಬರೆದ ಅದರ ಚಿತ್ರವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಸಾರಸ ಪಕ್ಷಿಗಳ ವಿಷಯದಲ್ಲಿ ಆತನು ತೋರಿದ ತಾಳ್ಮೆಯು ಇನ್ನೂ ಹೆಚ್ಚಿನದು. ಲೈಲಾ ಮತ್ತು ಮಜನೂ ಎಂಬ ಹೆಸರಿನ ಒಂದು ಜೋಡಿಯನ್ನು ಆಸ್ಥಾನದಲ್ಲಿ ಮರಿಗಳಿದ್ದಾಗಿನಿಂದ ಸಾಕಲಾಗಿತ್ತು. ಗುಜರಾತಿನಲ್ಲಿ ಬೀಡುಬಿಟ್ಟಿದ್ದಾಗ ಅವು ಕೂಡಿದುದನ್ನು, ಮೊದಲನೆಯ ಮೊಟ್ಟೆಯಾದ ಎರಡು ದಿನಗಳ ಬಳಿಕ ಎರಡನೆಯದು ಬಂದುದನ್ನು, ಗಂಡುಹೆಣ್ಣುಗಳು ಸರದಿಯ ಮೇಲೆ ಕಾವು ಕುಳಿತುದನ್ನು, ೩೪ ದಿನಗಳಿಗೆ ಮರಿ ಹೊರಬಂದುದನ್ನು ಆತನು ದಿನಚರಿಯಂತೆ ದಾಖಲಿಸಿದನು. ಇಂದಿನ ಪಕ್ಷಿಶಾಸ್ತ್ರದ ಲೆಕ್ಕಕ್ಕೂ ಈ ಅವಧಿಯು ಹೊಂದುತ್ತದೆ. ಕೇಳಿದುದನ್ನು ನಂಬದೆ ಪರೀಕ್ಷಿಸುವ ಸ್ವಭಾವವೂ ಆತನಲ್ಲಿದ್ದಿತು. ಅಹಮದಾಬಾದಿನ ಹವೆಗಿಂತ ಮಹಮೂದಾಬಾದಿನ ಹವೆಯು ಮೇಲೆಂದು ಜನರು ಹೇಳಿದಾಗ ಎರಡು ಊರುಗಳಲ್ಲಿಯೂ ಚರ್ಮ ಸುಲಿದ ಕುರಿಗಳನ್ನು ತೂಗುಹಾಕಿಸಿ ಯಾವುದು ಮೊದಲು ಕೆಡುತ್ತದೆಂದು ನೋಡಿಸಿದನು. ೧೬೨೧ರಲ್ಲಿ ಅಬಿಸೀನಿಯದಿಂದ ಜೀಬ್ರಾ ಬಂದಾಗ ಅದರ ಮೈಮೇಲಿನ ಪಟ್ಟೆಗಳು ಯಾರೋ ಬಳಿದ ಬಣ್ಣವಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಂಡನು.

ಆಧಾರಗಳು ಇಷ್ಟು ಸ್ಪಷ್ಟವಾಗಿರುವಾಗ ಜಹಾಂಗೀರನಲ್ಲಿ ಶಾಸ್ತ್ರೀಯ ದೃಷ್ಟಿಯಿರಲಿಲ್ಲವೆಂದು ಹೇಳುವುದು ಸಾಧ್ಯವಿಲ್ಲ. ಅಲ್ವಿ ಮತ್ತು ರೆಹಮಾನರ ಗ್ರಂಥದ ಬಲವು ಇಲ್ಲಿಯೇ ಇದೆ. ಆದರೆ ಅವರು ಟಿಪ್ಪಣಿಗಳನ್ನು ಆತ್ಮಕಥೆಯಿಂದ ಆಯ್ದು ಪ್ರಾಣಿಗಳ ಜಾತಿಗನುಗುಣವಾಗಿ ಜೋಡಿಸಿದರು. ಹಾಗೆ ಜೋಡಿಸಿದಾಗ ಅವು ಪ್ರಾಣಿಶಾಸ್ತ್ರದ ಕೈಪಿಡಿಯಂತೆ ತೋರುವುದು ಸಹಜ. ಮೂಲದಲ್ಲಾದರೋ ಅವು ಕಾಣಿಕೆ, ಬೇಟೆ, ದಂಡಯಾತ್ರೆ, ಬಹುಮಾನ, ಮರಣವಾರ್ತೆಗಳ ನಡುವೆ ಹರಡಿಕೊಂಡಿವೆ. ಇತಿಹಾಸಕಾರನು ಅವುಗಳನ್ನು ಆ ನೆರೆಹೊರೆಯಲ್ಲಿಯೇ ಇಟ್ಟು ಓದಬೇಕಾಗುತ್ತದೆ.

೩

ಹಾಗೆ ಓದುವಾಗ ಮನ್ಸೂರನ ಚಿತ್ರಗಳೂ ಬೇರೊಂದು ಅರ್ಥವನ್ನು ಕೊಡತೊಡಗುತ್ತವೆ. ಟರ್ಕಿ ಕೋಳಿಯ ಗರಿಗಳನ್ನೂ ಕೊರಳಿನ ಸುಕ್ಕುಗಳನ್ನೂ ಆತನು ಒಂದೊಂದಾಗಿ ಬಿಡಿಸಿದ್ದಾನೆ. ಆದರೆ ಹಕ್ಕಿಯ ಹಿಂದೆ ಇರುವುದು ಬರಿಯ ಬಯಲು ಬಣ್ಣ. ಜೀಬ್ರಾದ ಪಟ್ಟೆಗಳು ಕಾಲಿನ ಗೊರಸಿನವರೆಗೂ ನಿಖರವಾಗಿವೆ. ಅದರ ಮುಖಕ್ಕೆ ಹಾಕಿದ ಹಗ್ಗವನ್ನೂ ಚಿತ್ರಕಾರನು ಬಿಟ್ಟಿಲ್ಲ. ಈ ಪ್ರಾಣಿಗಳಿಗೆ ರೂಪವಿದೆ, ನೆಲೆಯಿಲ್ಲ. ಅವು ಎಲ್ಲಿ ಮೇಯುತ್ತಿದ್ದವು, ಯಾವ ನೀರನ್ನು ಕುಡಿಯುತ್ತಿದ್ದವು, ಯಾವ ಪ್ರಾಣಿಗೆ ಹೆದರುತ್ತಿದ್ದವು ಎಂಬುದು ಚಿತ್ರದಲ್ಲಿ ಇಲ್ಲ. ಇರುವುದಕ್ಕೆ ಅವಕಾಶವೂ ಇರಲಿಲ್ಲ. ಒಂದು ಗೋವೆಯಿಂದ ಬಂದುದು, ಇನ್ನೊಂದು ಅಬಿಸೀನಿಯದಿಂದ ಬಂದುದು. ಜೀಬ್ರಾವಂತೂ ಹೆಚ್ಚು ಕಾಲ ಇಲ್ಲಿ ಉಳಿಯದೆ ಪಾರಸೀಕದ ಷಾ ಅಬ್ಬಾಸನಿಗೆ ಉಡುಗೊರೆಯಾಗಿ ಹೋಯಿತು. ಮನ್ಸೂರನ ಮುಂದಿದ್ದ ಪ್ರಕೃತಿಯೆಂದರೆ ಬಹುಮಟ್ಟಿಗೆ ಸಮುದ್ರವ್ಯಾಪಾರವೂ ರಾಜಕಾಣಿಕೆಯೂ ಹೊತ್ತು ತಂದ ಪ್ರಕೃತಿ.

ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ೧೬೨೦ರಲ್ಲಿ ಚಕ್ರವರ್ತಿಯೊಡನೆ ಕಾಶ್ಮೀರಕ್ಕೆ ಹೋದಾಗ ಮನ್ಸೂರನು ನೂರಕ್ಕೂ ಹೆಚ್ಚು ಹೂಗಳನ್ನು ಚಿತ್ರಿಸಿದನೆಂದು ಆತ್ಮಕಥೆಯಲ್ಲಿದೆ. ಆ ಹೂಗಳು ತಮ್ಮ ನೆಲದಲ್ಲಿಯೇ ಅರಳಿದ್ದವು. ಚಿನಾರ್ ಮರದ ಮೇಲೆ ಅಳಿಲುಗಳು ಆಡುತ್ತಿರುವ ಪ್ರಸಿದ್ಧ ಚಿತ್ರವು ಮತ್ತೊಂದು ಅಪವಾದ. ಬ್ರಿಟಿಷ್ ಲೈಬ್ರರಿಯಲ್ಲಿರುವ ಈ ಚಿತ್ರವನ್ನು ವಿದ್ವಾಂಸರು ಸಾಮಾನ್ಯವಾಗಿ ಅಬುಲ್ ಹಸನನಿಗೆ ಆರೋಪಿಸುತ್ತಾರೆ. ಇಲ್ಲಿ ಮರವಿದೆ, ಬಂಡೆಯಿದೆ, ಹಕ್ಕಿಗಳಿವೆ, ಅಳಿಲುಗಳ ಸಂಸಾರವಿದೆ. ಮರದ ಬುಡದಲ್ಲಿ ಬರಿಗಾಲಿನ ಬೇಟೆಗಾರನೊಬ್ಬನು ಕಾಂಡವನ್ನು ಹತ್ತಲು ಹವಣಿಸುತ್ತಿದ್ದಾನೆ. ನೋಡುವವರ ಕಣ್ಣು ಮೊದಲು ಅಳಿಲುಗಳ ಚೆಲ್ಲಾಟಕ್ಕೆ ಹೋಗಿ, ಆಮೇಲೆ ಕೆಳಗಿಳಿದು ಈ ಮನುಷ್ಯನನ್ನು ಕಾಣುತ್ತದೆ. ಜಹಾಂಗೀರನ ಕಾಲದ ಪ್ರಕೃತಿಚಿತ್ರಗಳಲ್ಲೆಲ್ಲ ಹೆಚ್ಚು ಪ್ರಾಮಾಣಿಕವಾದುದು ಇದೇ ಎಂಬುದು ನಮ್ಮ ಅಭಿಪ್ರಾಯ. ಮುದ್ದು ಪ್ರಾಣಿಯೂ ಅದನ್ನು ಹಿಡಿಯುವ ಕೈಯೂ ಒಂದೇ ಚೌಕಟ್ಟಿನಲ್ಲಿ ಕೂಡಿರುವುದು ಇಲ್ಲಿ ಮಾತ್ರ.

ನೋಡುವ ಕಣ್ಣು ಮತ್ತು ಕಾಯುವ ಮನಸ್ಸು ಎರಡೂ ಒಂದೇ ಅಲ್ಲವೆಂಬುದಕ್ಕೆ ಮನುಷ್ಯನದೇ ಆದ ಒಂದು ಚಿತ್ರವು ಸಾಕ್ಷಿಯಾಗಿದೆ. ೧೬೧೮ರಲ್ಲಿ ಇನಾಯತ್ ಖಾನನೆಂಬ ಅಧಿಕಾರಿಯು ಅಫೀಮು ಮತ್ತು ಮದ್ಯಗಳಿಂದ ಸವೆದು, ಎಲುಬಿನ ಹಂದರವಾಗಿ, ಆಗ್ರಾಕ್ಕೆ ಹೋಗಲು ಅಪ್ಪಣೆ ಬೇಡಿ ಬಂದನು. ಜಹಾಂಗೀರನು ಆ ದೇಹಸ್ಥಿತಿಯನ್ನು ಕಂಡು ಬೆರಗಾಗಿ ಕೂಡಲೇ ಚಿತ್ರಿಸುವಂತೆ ಚಿತ್ರಕಾರರಿಗೆ ಆಜ್ಞಾಪಿಸಿದನು. ದಾರಿಯ ವೆಚ್ಚಕ್ಕೆ ಹಣವನ್ನೂ ಕೊಟ್ಟನು. ಮರುದಿನವೇ ಆತನು ತೀರಿಕೊಂಡನು. ಆ ಚಿತ್ರದ ಕರಡು ಬಾಸ್ಟನ್ನಿನಲ್ಲಿಯೂ ವರ್ಣಚಿತ್ರವು ಆಕ್ಸ್‌ಫರ್ಡಿನಲ್ಲಿಯೂ ಇವೆ. ಜಗತ್ತಿನ ಶ್ರೇಷ್ಠ ಚಿತ್ರಗಳಲ್ಲಿ ಅದೊಂದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಟರ್ಕಿ ಕೋಳಿಯನ್ನು ನೋಡಿದ ಕುತೂಹಲವೇ ಸಾಯುತ್ತಿರುವ ಸೇವಕನನ್ನೂ ನೋಡಿತೆಂಬುದನ್ನು ಮರೆಯುವಂತಿಲ್ಲ.

೪

ಈ ಕುತೂಹಲವು ಬೇಟೆಯ ಲೆಕ್ಕದಲ್ಲಿಯೂ ಅಷ್ಟೇ ನಿಖರವಾಗಿ ಕೆಲಸಮಾಡಿದೆ. ತನ್ನ ಹನ್ನೆರಡನೆಯ ವಯಸ್ಸಿನಿಂದ ಆಳ್ವಿಕೆಯ ಹನ್ನೊಂದನೆಯ ವರ್ಷದ ಕೊನೆಯವರೆಗೆ ತನ್ನ ಸಮಕ್ಷಮದಲ್ಲಿ ೨೮,೫೩೨ ಪ್ರಾಣಿಪಕ್ಷಿಗಳು ಬೇಟೆಯಾದವೆಂದೂ, ಅವುಗಳಲ್ಲಿ ೧೭,೧೬೭ನ್ನು ತಾನೇ ಕೊಂದುದಾಗಿಯೂ ಜಹಾಂಗೀರನು ಬರೆಯಿಸಿಟ್ಟಿದ್ದಾನೆ. ಪ್ರಕೃತಿವಿಜ್ಞಾನಿಯೆಂದು ಆತನನ್ನು ಹೊಗಳುವವರು ಈ ಸಂಖ್ಯೆಯನ್ನು ಕಾಲಧರ್ಮವೆಂದು ತಳ್ಳಿಹಾಕುವುದುಂಟು. ಖಂಡಿಸುವವರು ಇದೊಂದನ್ನೇ ಹಿಡಿದು ಆತನ ಪ್ರಕೃತಿಪ್ರೇಮವು ಸೋಗೆಂದು ಸಾಧಿಸುವುದುಂಟು. ಎರಡೂ ಸರಿಯಲ್ಲವೆಂದು ನಮಗೆ ತೋರುತ್ತದೆ. ಸಾರಸದ ಮೊಟ್ಟೆಗಳ ದಿನಗಳನ್ನು ಎಣಿಸಿದ ಮನಸ್ಸೇ ಕೊಂದ ಪ್ರಾಣಿಗಳನ್ನೂ ಎಣಿಸಿತು. ಎರಡರಲ್ಲಿಯೂ ಇರುವುದು ಒಂದೇ ಶ್ರದ್ಧೆ.

ಆತನಲ್ಲಿ ಕರುಣೆಯಿರಲಿಲ್ಲವೆಂದೂ ಹೇಳಲಾಗದು. ಗುರುವಾರ ಮತ್ತು ಭಾನುವಾರಗಳಂದು ಪ್ರಾಣಿವಧೆಯನ್ನು ಆತನು ನಿಷೇಧಿಸಿದ್ದನು. ಲಾಹೋರಿನ ಸಮೀಪದ ಷೇಖುಪುರದಲ್ಲಿ ತನ್ನ ಮೆಚ್ಚಿನ ಜಿಂಕೆಯು ಸತ್ತಾಗ ಅದರ ನೆನಪಿಗೆ ಹಿರಣ್ ಮಿನಾರನ್ನು ಕಟ್ಟಿಸಿ, ಆ ಪ್ರದೇಶದಲ್ಲಿ ಜಿಂಕೆಗಳನ್ನು ಕೊಲ್ಲಬಾರದೆಂದು ಅಪ್ಪಣೆ ಮಾಡಿದನು. ಮೊಮ್ಮಗ ಷುಜಾನು ಕಾಯಿಲೆ ಬಿದ್ದಾಗ, ಮಗುವು ಗುಣಹೊಂದಿದರೆ ತನ್ನ ಕೈಯಿಂದ ಯಾವ ಜೀವಿಗೂ ಹಿಂಸೆ ಮಾಡುವುದಿಲ್ಲವೆಂದು ಹರಸಿಕೊಂಡು, ಕೆಲವು ವರ್ಷ ಹಾಗೆಯೇ ನಡೆದುಕೊಂಡನು. ಆದರೆ ಈ ಮೂರು ಸಂದರ್ಭಗಳ ಕಾರಣಗಳನ್ನು ವಿಚಾರಿಸಬೇಕು. ವಾರದ ನಿಷೇಧವು ಪಟ್ಟಾಭಿಷೇಕದ ದಿನಕ್ಕೂ ತಂದೆಯ ಜನ್ಮದಿನಕ್ಕೂ ಸಂಬಂಧಿಸಿದುದು. ಮಿನಾರವು ಒಂದು ಜಿಂಕೆಯ ಮೇಲಿನ ಮೋಹಕ್ಕೆ ಸಂಬಂಧಿಸಿದುದು. ಹರಕೆಯು ಮೊಮ್ಮಗನ ಪ್ರಾಣಕ್ಕೆ ಸಂಬಂಧಿಸಿದುದು. ಮಗ ಖುರ್ರಮನ ದುರ್ವರ್ತನೆಯಿಂದ ಮನಸ್ಸು ಕೆಟ್ಟಾಗ ಆತನು ಮತ್ತೆ ಬಂದೂಕನ್ನು ಕೈಗೆತ್ತಿಕೊಂಡನು. ರಕ್ಷಣೆಯು ಚಕ್ರವರ್ತಿಯ ಮನೋಧರ್ಮದೊಡನೆ ಬಂದು ಅದರೊಡನೆಯೇ ಹೋಯಿತು. ಪ್ರಾಣಿಗಳ ಅಗತ್ಯವು ಅದರ ಲೆಕ್ಕದಲ್ಲಿ ಸೇರಿರಲಿಲ್ಲ.

ಚೀತಾದ ಪ್ರಸಂಗವು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಸೆರೆಯಲ್ಲಿ ಚೀತಾಗಳು ಮರಿಹಾಕುವುದಿಲ್ಲವೆಂಬುದು ಆಸ್ಥಾನದವರ ಅನುಭವ. ಅಕ್ಬರನು ಒಮ್ಮೆ ಸಾವಿರದಷ್ಟು ಚೀತಾಗಳನ್ನು ಕೂಡಿಹಾಕಿ ಪ್ರಯತ್ನಿಸಿದರೂ ಫಲಿಸಲಿಲ್ಲ. ಜಹಾಂಗೀರನ ಕಾಲದಲ್ಲಿ ಗಂಡು ಚೀತಾವೊಂದು ಕೊರಳಪಟ್ಟಿಯನ್ನು ಕಳಚಿಕೊಂಡು ಹೆಣ್ಣಿನೊಡನೆ ಕೂಡಿ ಮೂರು ಮರಿಗಳಾದವು. ಆತನು ಇದನ್ನು ವಿಚಿತ್ರ ಸಂಗತಿಯೆಂದು ದಾಖಲಿಸಿದನು. ಈ ಟಿಪ್ಪಣಿಯ ನಿಜವಾದ ಅರ್ಥವೇನು? ಸೆರೆಯಲ್ಲಿ ಹುಟ್ಟದ ಪ್ರಾಣಿಯನ್ನು ಸಾವಿರಗಟ್ಟಲೆ ಸಾಕಬೇಕಾದರೆ ಅಷ್ಟನ್ನೂ ಬಯಲಿನಿಂದಲೇ ಹಿಡಿದು ತರಬೇಕು. ಹಿಡಿದು ತಂದ ಒಂದೊಂದೂ ಬಯಲಿನ ಸಂತಾನಕ್ಕೆ ನಷ್ಟ. ಎಚ್ಚರಿಕೆಯಾಗಬೇಕಾಗಿದ್ದ ಸಂಗತಿಯು ಚಕ್ರವರ್ತಿಗೆ ವಿಸ್ಮಯವಾಗಿ ಕಂಡಿತು. ೧೯೪೭ರಲ್ಲಿ ಕೊರಿಯಾ ಸಂಸ್ಥಾನದ ಮಹಾರಾಜರು ಮೂರು ಚೀತಾಗಳನ್ನು ಹೊಡೆದುದೇ ಭಾರತದಲ್ಲಿ ಅವುಗಳ ಕೊನೆಯ ಖಚಿತ ದಾಖಲೆಗಳಲ್ಲೊಂದು. ೧೯೫೨ರಲ್ಲಿ ಆ ಪ್ರಾಣಿಯು ದೇಶದಲ್ಲಿ ನಿರ್ನಾಮವಾಯಿತೆಂದು ಘೋಷಿಸಲಾಯಿತು. ೨೦೨೨ರಲ್ಲಿ ಆಫ್ರಿಕದ ನಮೀಬಿಯದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕೂನೋ ಅರಣ್ಯದಲ್ಲಿ ಬಿಡಬೇಕಾಯಿತು.

೫

ಇನ್ನು ಎರಡನೆಯ ಪ್ರಶ್ನೆ: ಜಹಾಂಗೀರನು ಕಂಡದ್ದು ಯಾರಿಗೆ ತಲುಪಿತು? ಮನ್ಸೂರನು ಬರೆದ ಸೈಬೀರಿಯದ ಬಿಳಿ ಕ್ರೌಂಚದ ಚಿತ್ರವು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಜೀವಶಾಸ್ತ್ರಜ್ಞ ಪಲ್ಲಾಸನು ಆ ಪಕ್ಷಿಗೆ ಶಾಸ್ತ್ರೀಯ ನಾಮವನ್ನು ಕೊಟ್ಟುದು ೧೭೭೩ರಲ್ಲಿ. ಆದುದರಿಂದ ಮನ್ಸೂರನು ಯೂರೋಪಿನ ಶಾಸ್ತ್ರಕ್ಕಿಂತ ಒಂದೂವರೆ ಶತಮಾನದಷ್ಟು ಮುಂದಿದ್ದನೆಂದು ಹೆಮ್ಮೆಪಡುವುದು ರೂಢಿಯಾಗಿದೆ. ಕಾಲಾನುಕ್ರಮವು ನಿಜ; ಆದರೆ ಮುಂದಿದ್ದನೆಂಬ ಮಾತು ದಾರಿತಪ್ಪಿಸುವಂಥದು. ಪಲ್ಲಾಸನಿಗೆ ಮನ್ಸೂರನ ಚಿತ್ರದಿಂದ ಯಾವ ನೆರವೂ ದೊರೆಯಲಿಲ್ಲ. ಚಿತ್ರವು ಅರಮನೆಯ ಸಂಪುಟದಲ್ಲಿದ್ದಿತು. ಅದನ್ನು ನೋಡುವ ಅಧಿಕಾರವಿದ್ದವರು ಕೆಲವರು, ಅದನ್ನು ಮುಂದುವರಿಸಬೇಕೆಂಬ ಹೊಣೆಯಿದ್ದವರು ಯಾರೂ ಇಲ್ಲ.

ಡೋಡೋ ಪಕ್ಷಿಯ ಚಿತ್ರದ ಕಥೆಯೂ ಇಂಥದೇ. ಮಾರಿಷಸ್ ದ್ವೀಪದಲ್ಲಿ ಮಾತ್ರ ಬದುಕಿದ್ದ ಈ ಪಕ್ಷಿಯನ್ನು ಕಂಡ ಖಚಿತವಾದ ಕೊನೆಯ ವರದಿಯು ೧೬೬೨ರದು. ಪೀಟರ್ ಮುಂಡಿಯೆಂಬ ಇಂಗ್ಲಿಷ್ ಪ್ರವಾಸಿಯು ಸೂರತ್ತಿನಲ್ಲಿ ಎರಡು ಡೋಡೋಗಳನ್ನು ಕಂಡುದಾಗಿ ಬರೆದಿದ್ದಾನೆ. ಮನ್ಸೂರನದೆಂದು ಊಹಿಸಲಾದ, ಸಹಿಯಿಲ್ಲದ ಒಂದು ಡೋಡೋ ಚಿತ್ರವು ರಷ್ಯದ ಪೀಟರ್ಸ್‌ಬರ್ಗಿನ ಸಂಗ್ರಹದಲ್ಲಿದ್ದು, ೧೯೫೮ರಲ್ಲಿ ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ಬಂದಿತು. ಜೀವಂತ ಡೋಡೋವಿನ ಬಣ್ಣವನ್ನು ತಿಳಿಯಲು ಅದು ಇಂದು ಬಹುಮುಖ್ಯವಾದ ಆಧಾರ. ಚಿತ್ರವು ಶಾಸ್ತ್ರಕ್ಕೆ ಉಪಕಾರಮಾಡಿತು, ನಿಜ. ಆದರೆ ಪಕ್ಷಿಯು ಅಳಿದು ಸುಮಾರು ಮುನ್ನೂರು ವರ್ಷಗಳಾದ ಮೇಲೆ.

ಜಹಾಂಗೀರನ ತರುವಾಯ ಆಸ್ಥಾನದಲ್ಲಿಯೇ ಈ ಪರಂಪರೆಗೆ ಏನಾಯಿತೆಂಬುದನ್ನೂ ನೋಡಬೇಕು. ಷಾಜಹಾನನ ಕಾಲದಲ್ಲಿ ಹೂಗಳು ಎಲ್ಲೆಲ್ಲಿಯೂ ಅರಳಿದವು: ಚಿತ್ರಸಂಪುಟಗಳ ಅಂಚುಗಳಲ್ಲಿ, ವಸ್ತ್ರಗಳಲ್ಲಿ, ತಾಜಮಹಲಿನ ಅಮೃತಶಿಲೆಯಲ್ಲಿ. ಅವು ಅತ್ಯಂತ ಸುಂದರವಾಗಿವೆ. ಆದರೆ ಅವುಗಳಲ್ಲಿ ಅನೇಕವು ಯಾವ ಗಿಡದ ಹೂವೆಂದು ಗುರುತಿಸಲಾಗದಂತೆ ಕಲ್ಪನೆಯಿಂದ ಕೂಡಿಸಿದ ರೂಪಗಳು. ಕಣ್ಣಿನಿಂದ ಕಂಡು ಬರೆದ ಹೂವು ಒಂದೇ ತಲೆಮಾರಿನಲ್ಲಿ ಅಲಂಕಾರದ ಬಳ್ಳಿಯಾಯಿತು. ಚಿತ್ರಕಲೆಯ ದೃಷ್ಟಿಯಿಂದ ಇದು ಅವನತಿಯಲ್ಲದಿರಬಹುದು. ಶಾಸ್ತ್ರದ ದೃಷ್ಟಿಯಿಂದ ದಾರಿಯು ಅಲ್ಲಿಗೇ ನಿಂತಿತು.

ಹದಿನೇಳನೆಯ ಶತಮಾನದ ದೊರೆಯನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ ಎಂದು ಕೇಳಬಹುದು. ಈ ಆಕ್ಷೇಪವು ವಿಚಾರಾರ್ಹವಾದುದು. ಜಹಾಂಗೀರನು ಸಂರಕ್ಷಕನಾಗಲಿಲ್ಲವೆಂದು ನಾವು ದೂರುತ್ತಿಲ್ಲ. ಆತನು ಆ ಬಿರುದನ್ನು ಬೇಡಲೂ ಇಲ್ಲ. ಇಂದಿನ ಅಳತೆಗೋಲನ್ನು ಮೊದಲು ಬಳಸಿದವರು ಆತನಿಗೆ ವಿಜ್ಞಾನಿ, ಸಂರಕ್ಷಕ ಎಂಬ ಬಿರುದುಗಳನ್ನು ಕೊಟ್ಟವರು. ನಮ್ಮ ವಿಮರ್ಶೆಯು ಆ ಬಿರುದುಗಳ ಹಿಂದಿನ ಏಣಿಯನ್ನು ಕುರಿತುದು. ಬೆರಗು, ಚಿತ್ರ, ಪರೀಕ್ಷೆ ಇವೆಲ್ಲವೂ ಪೂರ್ಣಪ್ರಮಾಣದಲ್ಲಿದ್ದ ಒಂದು ಆಸ್ಥಾನದಲ್ಲಿ ಮೂರನೆಯ ಮೆಟ್ಟಿಲು ತಾನಾಗಿ ಹುಟ್ಟಲಿಲ್ಲ. ಎರಡನೆಯದೂ ಒಬ್ಬ ಅರಸನೊಡನೆ ಮುಗಿಯಿತು. ಸ್ಫೂರ್ತಿಯ ಕೊರತೆಯು ಇದಕ್ಕೆ ಕಾರಣವಲ್ಲ. ಕಂಡದ್ದನ್ನು ಹತ್ತು ಜನರ ಮುಂದಿಡುವ, ತಿದ್ದುವ, ಮುಂದಿನವರಿಗೆ ಒಪ್ಪಿಸುವ ಏರ್ಪಾಡಿನ ಕೊರತೆಯೇ ಕಾರಣ.

ಅಂಥ ಏರ್ಪಾಡು ನಮ್ಮ ದೇಶದಲ್ಲಿ ಬೆಳೆದುದು ಬಹಳ ತಡವಾಗಿ. ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ೧೮೮೩ರಲ್ಲಿ ಸ್ಥಾಪಿತವಾಯಿತು. ಸಾಲಿಂ ಅಲಿಯವರು (೧೮೯೬–೧೯೮೭) ಬಾಲಕರಾಗಿದ್ದಾಗ ತಾವು ಹೊಡೆದ ಹಳದಿ ಕೊರಳಿನ ಗುಬ್ಬಿಯೊಂದನ್ನು ಗುರುತಿಸಲೆಂದು ಆ ಸಂಸ್ಥೆಯ ಬಾಗಿಲಿಗೆ ಹೋದರು. ಅವರ ಪಕ್ಷಿಶಾಸ್ತ್ರದ ಆರಂಭವೂ ಕೋವಿಯ ಮೂಲಕವೇ. ಆದರೆ ಅರಮನೆಯ ಸಂಪುಟಕ್ಕೂ ಸೊಸೈಟಿಯ ಕಪಾಟಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕಪಾಟಿನಲ್ಲಿಟ್ಟ ಪಕ್ಷಿಯ ಚರ್ಮದೊಡನೆ ಊರು, ದಿನ, ಹೊಡೆದವನ ಹೆಸರುಳ್ಳ ಚೀಟಿಯಿದ್ದಿತು, ಪ್ರಕಟವಾಗುವ ಪತ್ರಿಕೆಯಿದ್ದಿತು, ತಪ್ಪಿದ್ದರೆ ತಿದ್ದುವ ಓದುಗರಿದ್ದರು. ಪಕ್ಷಿಯೊಡನೆ ಅದರ ನೆಲೆಯೂ ದಾಖಲೆಗೆ ಬಂದಿತು. ೧೯೪೧ರಲ್ಲಿ ಪ್ರಕಟವಾದ ಸಾಲಿಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕವು ಅರಸರ ವಿನೋದವಾಗಿದ್ದ ಪಕ್ಷಿವೀಕ್ಷಣೆಯನ್ನು ಸಾಮಾನ್ಯ ಓದುಗನ ಕೈಗೆ ತಲುಪಿಸಿತು.

೬

ಹಾಗಾದರೆ ಶಾಸ್ತ್ರವು ಸಾರ್ವಜನಿಕವಾದ ಮೇಲೆ ಸಂರಕ್ಷಣೆಯು ತಾನಾಗಿ ಸಿದ್ಧಿಸಿತೇ? ಇದಕ್ಕೆ ಉತ್ತರವನ್ನು ರಾಜಸ್ಥಾನದ ಭರತಪುರದಲ್ಲಿ ಹುಡುಕಬೇಕು; ಮನ್ಸೂರನು ಚಿತ್ರಿಸಿದ ಬಿಳಿ ಕ್ರೌಂಚವು ಭಾರತದಲ್ಲಿ ಕೊನೆಯವರೆಗೆ ಬಂದು ಚಳಿಗಾಲವನ್ನು ಕಳೆಯುತ್ತಿದ್ದ ಸ್ಥಳವದು. ಕೇವಲಾದೇವ ಘನವೆಂದು ಪ್ರಸಿದ್ಧವಾದ ಅಲ್ಲಿಯ ಜೌಗುನೆಲವು ಸುಮಾರು ೨೯ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದುದು. ಅದು ಮನುಷ್ಯನ ಕೈ ಸೋಕದ ಕಾಡಲ್ಲ. ಹದಿನೆಂಟನೆಯ ಶತಮಾನದಲ್ಲಿ ಸೂರಜ್ ಮಲ್ ಮಹಾರಾಜನ ಕಾಲದಲ್ಲಿ ಅಜಾನ್ ಒಡ್ಡನ್ನು ಕಟ್ಟಿದ ಮೇಲೆ ಆ ತಗ್ಗಿನಲ್ಲಿ ನೀರು ನಿಲ್ಲತೊಡಗಿತು. ಮುಂದೆ ಭರತಪುರದ ಅರಸರು ಅದನ್ನು ಬಾತುಗಳ ಬೇಟೆಗೆ ಅಣಿಗೊಳಿಸಿದರು. ಎಷ್ಟು ಹಕ್ಕಿಗಳು, ಯಾವ ದಿನ, ಯಾವ ಅತಿಥಿಯ ಸಮ್ಮುಖದಲ್ಲಿ ಬಿದ್ದವೆಂಬುದನ್ನು ಕೆತ್ತಿದ ಕಲ್ಲುಗಳು ಅಲ್ಲಿ ಈಗಲೂ ನಿಂತಿವೆ. ೧೯೩೮ರ ನವೆಂಬರ್ ೧೨ರಂದು ವೈಸ್‌ರಾಯ್ ಲಿನ್ಲಿತ್ಗೋ ಅವರ ಬೇಟೆಯಲ್ಲಿ ಒಂದೇ ದಿನ ಬಿದ್ದ ಹಕ್ಕಿಗಳು ೪,೨೭೩. ಜಹಾಂಗೀರನ ಲೆಕ್ಕದ ಪುಸ್ತಕವು ಇಲ್ಲಿ ಶಿಲಾಶಾಸನವಾಗಿದೆ.

೧೯೫೬ರಲ್ಲಿ ಇದು ಪಕ್ಷಿಧಾಮವಾಯಿತು; ಆದರೂ ಅರಸರ ಬೇಟೆಯ ಹಕ್ಕು ೧೯೭೨ರವರೆಗೆ ಉಳಿದಿತ್ತು. ೧೯೮೨ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಸುತ್ತಲಿನ ಹಳ್ಳಿಗಳ ದನ ಎಮ್ಮೆಗಳು ಒಳಗೆ ಮೇಯುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಯಿತು. ಪಕ್ಷಿತಜ್ಞರ ಬೆಂಬಲವೂ ಈ ಕ್ರಮಕ್ಕಿತ್ತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಅದೇ ನವೆಂಬರಿನಲ್ಲಿ ಗೋಲಿಬಾರು ನಡೆದು ಹಲವರು ಪ್ರಾಣ ಕಳೆದುಕೊಂಡರು. ಬೇಟೆಯ ಕಲ್ಲುಗಳ ಮೇಲೆ ಹಕ್ಕಿಗಳ ಲೆಕ್ಕವಿದೆ. ಸತ್ತ ಈ ಮನುಷ್ಯರ ಹೆಸರುಗಳಿಗೆ ಅಂಥ ಕಲ್ಲಿಲ್ಲ. ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿ. ಎಸ್. ವಿಜಯನ್ ಮತ್ತು ಸಂಗಡಿಗರು ೧೯೮೦ರಿಂದ ಹತ್ತು ವರ್ಷ ಅಲ್ಲಿ ಅಧ್ಯಯನ ನಡೆಸಿ ೧೯೯೧ರಲ್ಲಿ ಒಪ್ಪಿಸಿದ ವರದಿಯು ಎಲ್ಲರ ನಿರೀಕ್ಷೆಗೂ ವಿರುದ್ಧವಾಗಿದ್ದಿತು. ಎಮ್ಮೆಗಳು ಮೇಯುತ್ತಿದ್ದುದರಿಂದಲೇ ನೀರಿನ ಹುಲ್ಲು ಹತೋಟಿಯಲ್ಲಿದ್ದಿತು. ಅವು ಹೋದ ಮೇಲೆ ಪಾಸ್ಪಾಲಂ ಹುಲ್ಲು ತೆರೆದ ನೀರನ್ನು ಮುಚ್ಚಿ ಅನೇಕ ಪಕ್ಷಿಗಳ ನೆಲೆಯನ್ನೇ ಕುಗ್ಗಿಸಿತು. ಶಾಸ್ತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತೆಂಬುದು ಅದರ ಹಿರಿಮೆ. ಆದರೆ ಎಮ್ಮೆ ಕಾಯುವವರನ್ನು ಮೊದಲೇ ಕೇಳಿದ್ದರೆ ಈ ತಿದ್ದುಪಡಿಗೆ ಅಷ್ಟು ಬೆಲೆ ತೆರಬೇಕಾಗಿರಲಿಲ್ಲವೇನೋ.

ಬಿಳಿ ಕ್ರೌಂಚವೂ ಉಳಿಯಲಿಲ್ಲ. ೧೯೬೦ರ ದಶಕದಲ್ಲಿ ಇನ್ನೂರರ ಸುಮಾರಿನಲ್ಲಿದ್ದ ಅವು ವರ್ಷವರ್ಷಕ್ಕೂ ಕಡಮೆಯಾಗುತ್ತ ಬಂದವು. ಪಶ್ಚಿಮ ಸೈಬೀರಿಯದಿಂದ ಆಫ್ಘಾನಿಸ್ಥಾನ, ಪಾಕಿಸ್ತಾನಗಳ ಮೇಲಿನಿಂದ ಹಾರಿಬರುವ ದಾರಿಯಲ್ಲಿ ಬೇಟೆಗೆ ಸಿಕ್ಕಿ ಬಿದ್ದವು ಬಹಳ. ೨೦೦೧–೦೨ರ ಚಳಿಗಾಲದಲ್ಲಿ ಒಂದು ಜೋಡಿ ಮಾತ್ರ ಭರತಪುರಕ್ಕೆ ಬಂದಿತು, ಆಮೇಲೆ ಬರಲಿಲ್ಲ. ಚೀನಾದ ಪೋಯಾಂಗ್ ಸರೋವರದಲ್ಲಿ ಚಳಿಗಾಲ ಕಳೆಯುವ ಬೇರೊಂದು ಸಮುದಾಯವು ಉಳಿದಿದೆ; ಮನ್ಸೂರನ ನಾಡಿಗೆ ಬರುತ್ತಿದ್ದುದು ಹೋಯಿತು. ಚಿತ್ರವೂ ಶಾಸ್ತ್ರವೂ ಕಾನೂನೂ ಮೂರೂ ಇದ್ದ ಪಕ್ಷಿಯಿದು. ಒಂದು ಕೆರೆಗೆ ಬೇಲಿ ಹಾಕಿದ ಮಾತ್ರಕ್ಕೆ ಸಾವಿರಾರು ಮೈಲಿಗಳ ಆಕಾಶಮಾರ್ಗವು ಸುರಕ್ಷಿತವಾಗುವುದಿಲ್ಲ.

೭

ಈ ವಿಚಾರವನ್ನು ನಮ್ಮ ನಾಡಿನ ಎರಡು ನಿದರ್ಶನಗಳೊಡನೆ ಹೋಲಿಸಿ ನೋಡಬಹುದು. ೧೯೪೦ರ ಸುಮಾರಿಗೆ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡಿದ್ದರು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಅವರ ಸಲಹೆಯಂತೆ ೧೯೪೦ರಲ್ಲಿ ಪಕ್ಷಿಧಾಮವಾಯಿತು. ಆ ನ ನಡುಗಡ್ಡೆಗಳು ಉಂಟಾದುದು ಹದಿನೇಳನೆಯ ಶತಮಾನದ ನಡುವಿನಲ್ಲಿ, ಅಂದರೆ ಜಹಾಂಗೀರನು ತೀರಿಕೊಂಡ ಇಪ್ಪತ್ತು ವರ್ಷಗಳ ಸುಮಾರಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ. ಗದ್ದೆಗೆಂದು ತಿರುಗಿಸಿದ ನೀರು ಹಕ್ಕಿಗಳಿಗೆ ಮನೆಯಾಯಿತು. ಒಡ್ಡನ್ನು ಕಟ್ಟಿದವರಲ್ಲಿ ಯಾರೂ ಹಕ್ಕಿಯ ಚಿತ್ರವನ್ನು ಬರೆಯಲಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸಂಗತಿಯು ಇನ್ನೂ ಹೆಚ್ಚು ಬೋಧಪ್ರದವಾದುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ನಡುವಿನ ಹುಣಸೆಮರಗಳ ಮೇಲೆಯೇ ಗೂಡುಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಭಾವಿಸುತ್ತಾರೆ. ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಒಯ್ಯುತ್ತಾರೆ. ಹುಣಸೆಯ ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಹಣ ಕೊಡುವ ಏರ್ಪಾಡೂ ಬಂದಿತು. ೨೦೦೭ರಲ್ಲಿ ಸರಕಾರವು ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಇಲ್ಲಿಯ ರಕ್ಷಣೆಯಲ್ಲಿ ಮಮತೆಯಿದೆ, ಲಾಭವಿದೆ, ನಷ್ಟವಿದೆ, ನಷ್ಟವನ್ನು ತುಂಬುವ ಲೆಕ್ಕವೂ ಇದೆ. ಹಿರಣ್ ಮಿನಾರಿನ ಅಪ್ಪಣೆಯು ಒಬ್ಬನ ಮನಸ್ಸಿನ ಮೇಲೆ ನಿಂತಿದ್ದರೆ, ಇದು ಊರಿನ ನಡವಳಿಕೆಯ ಮೇಲೆ ನಿಂತಿದೆ. ಆದುದರಿಂದಲೇ ಇದು ತಲೆಮಾರುಗಳನ್ನು ದಾಟಿ ಬಂದಿದೆ. ಹುಣಸೆಮರಗಳು ಕಡಮೆಯಾದರೆ ಇದೂ ಸಡಿಲವಾಗಬಹುದೆಂಬ ಭಯವೂ ಅದೇ ಕಾರಣದಿಂದ ಇದೆ.

೮

ಮೇಲ್ಕಂಡ ಪರಿಶೀಲನೆಯಿಂದ ಪ್ರಕೃತಿಯ ಸ್ಫೂರ್ತಿಯು ನಿರರ್ಥಕವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅದಿಲ್ಲದಿದ್ದರೆ ಸಾರಸದ ಟಿಪ್ಪಣಿಯಿಲ್ಲ, ಮನ್ಸೂರನ ಕ್ರೌಂಚವಿಲ್ಲ, ಸಾಲಿಂ ಅಲಿಯವರ ಪುಸ್ತಕವೂ ಇಲ್ಲ. ಆದರೆ ಸ್ಫೂರ್ತಿಯ ಕೆಲಸವು ಕಣ್ಣನ್ನು ತೆರೆಯುವುದು. ಕೈಯನ್ನು ತಡೆಯುವುದು ಅದರ ಕೆಲಸವಲ್ಲ. ಕೈಯನ್ನು ತಡೆಯುವುದಕ್ಕೆ ಬೇರೆ ಏರ್ಪಾಡುಗಳು ಬೇಕು: ಕಂಡದ್ದು ಹಲವರಿಗೆ ತಲುಪಬೇಕು, ತಪ್ಪು ತಿದ್ದಿಕೊಳ್ಳಲು ಅವಕಾಶವಿರಬೇಕು, ಆ ನೆಲದಲ್ಲಿ ಬದುಕುವವರ ಮಾತಿಗೆ ತೂಕವಿರಬೇಕು. ಇವು ಮೆಟ್ಟಿಲಿನಂತೆ ಒಂದರಿಂದ ಒಂದು ತಾನಾಗಿ ಹುಟ್ಟುವುದಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ಕಟ್ಟಬೇಕಾಗುತ್ತದೆ.

ಇತಿಹಾಸದ ಅಧ್ಯಾಪಕರಿಗೆ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ಮೊಗಲರ ಚಿತ್ರಕಲೆಯನ್ನು ಪಾಠಮಾಡುವಾಗ ಟರ್ಕಿ ಕೋಳಿಯ ಚಿತ್ರದೊಡನೆ ಬೇಟೆಯ ಲೆಕ್ಕವನ್ನೂ, ಕ್ರೌಂಚದ ಚಿತ್ರದೊಡನೆ ಭರತಪುರದ ಕಲ್ಲುಗಳನ್ನೂ ವಿದ್ಯಾರ್ಥಿಗಳ ಮುಂದಿಡಬೇಕು. ಪಕ್ಷಿಧಾಮಗಳ ಇತಿಹಾಸವನ್ನು ಬರೆಯುವಾಗ ಅರಸರು ಮತ್ತು ತಜ್ಞರ ಜೊತೆಗೆ ಒಡ್ಡು ಕಟ್ಟಿದವರನ್ನೂ ಎಮ್ಮೆ ಮೇಯಿಸಿದವರನ್ನೂ ಸೇರಿಸಬೇಕು. ಅವರ ಸಾಕ್ಷ್ಯವು ಸಂಪುಟಗಳಲ್ಲಿ ಸಿಕ್ಕುವುದಿಲ್ಲ. ಕಂದಾಯದ ಕಡತಗಳಲ್ಲಿ, ನೀರುಗಂಟಿಗಳ ನೆನಪಿನಲ್ಲಿ, ಊರಿನ ಕಟ್ಟುಕಟ್ಟಳೆಗಳಲ್ಲಿ ಚದರಿಹೋಗಿದೆ. ಅದನ್ನು ಕೂಡಿಸುವ ಕೆಲಸವು ನಮ್ಮ ವಿಭಾಗಗಳಲ್ಲಿ ಇನ್ನೂ ಆಗಬೇಕಾಗಿದೆ.